ಖಾಲಿ ತೊಟ್ಟಿ

ಆ ಬುಧವಾರ ಬೀದಿಯ ಒಂಬತ್ತು ಅಂಗಡಿಗಳೂ ಕೆಲಸದಿಂದ ತುಂಬಿದ್ದವು. ಒಂಬತ್ತೂ ಸುಳ್ಳು.

ಲೆಕ್ಕದಕ್ಕ ಅಂದು ಬೀದಿಯಲ್ಲಿರಲಿಲ್ಲ. ನೆರವಿನ ಕಚೇರಿಯ ಸಾಲಿನಲ್ಲಿ ನಿಂತಿದ್ದಳು. ಬೆಳಿಗ್ಗೆ ಏಳಕ್ಕೆ ಹೋದವಳು ಮಧ್ಯಾಹ್ನ ಮೂರಕ್ಕೆ ಮರಳಿದಳು. ಬೀದಿಯ ತಿರುವಿನಲ್ಲಿ ಅವಳ ಕಾಲು ತಾನಾಗಿ ನಿಂತಿತು. ದೊಡ್ಡಮ್ಮನ ಬಟ್ಟೆ ಒಗೆಯುವ ಅಂಗಡಿಯ ಕೊಳವೆಯಿಂದ ಹಬೆ ಏಳುತ್ತಿತ್ತು. ಆ ಹಬೆ ಕಂಡು ಏಳು ತಿಂಗಳಾಗಿತ್ತು. ಅಂಗಡಿಯ ಮುಂದಿನ ಹಗ್ಗದ ಮೇಲೆ ಈ ತುದಿಯಿಂದ ಆ ತುದಿಗೆ ಒದ್ದೆ ಹೊದಿಕೆಗಳು.

ಕೆಲಸ ಬಂತಾ? ಬಟ್ಟೆ ಕೊಡುವುದು ನಿಲ್ಲಿಸಿದ್ದ ಆಸ್ಪತ್ರೆಯವರು ಮನಸ್ಸು ಬದಲಾಯಿಸಿದರಾ? ಅವಳು ಅರ್ಧ ಓಡುತ್ತಲೇ ಬಂದಳು.

ದೊಡ್ಡಮ್ಮ ಬಾಗಿಲಲ್ಲೇ ಇದ್ದಳು. ತೋಳು ಮಡಚಿದ್ದಳು. ಮೊಣಕೈವರೆಗೆ ನೊರೆ. ಮುಖ ಅರಳಿತ್ತು.

"ಬಾರೇ, ಬಾ. ನಿನ್ನ ಸಾಹೇಬ ಬಂದಿದ್ದ. ಒಂದು ಅಂಗಡಿ ಬಿಡದೆ ನೋಡ್ಕೊಂಡು ಹೋದ. ಬೀದಿ ಮಾನ ಉಳೀತು ಕಣೇ."

"ಯಾವ ಸಾಹೇಬ?"

"ಅದೇ, ನೆರವಿನ ಕಚೇರಿಯವನು. ತಪಾಸಣೆಯಂತೆ. ನೀನು ಅತ್ತ ಹೋದೆ, ಇತ್ತ ನಮ್ಮ ಚಪ್ಪಲಿ ಹೊಲಿಯೋ ಮೊಳೆಗೆ ಫೋನು ಬಂತು, ಇನ್ನೆರಡು ಗಂಟೇಲಿ ಬರ್ತೀನಿ ಅಂತ. ನಮ್ಮ ಕೈಕಾಲು ಆಡಲಿಲ್ಲ ನೋಡು."

"ಈ ಹೊದಿಕೆಗಳು ಯಾರವು ದೊಡ್ಡಮ್ಮ?"

"ನಮ್ಮವೇ! ಬೀದಿಯೋರು ಎಲ್ಲ ಹಾಸಿಗೆ ಮೇಲಿಂದ ಕಿತ್ತು ಕೊಟ್ರು. ಮೂವತ್ತೆಂಟು. ಮೊಳೆ ನಮ್ಮನೆ ಹಳೇ ಚಪ್ಪಲಿಯೆಲ್ಲ ತಂದು ರಾಶಿ ಹಾಕ್ಕೊಂಡ. ಕ್ಷೌರದ ಕತ್ರಿ ಏನ್ಮಾಡ್ದ ಗೊತ್ತಾ? ಭಾವಮೈದುನರನ್ನ ಕರೆಸಿ ಬೆಂಚಿನ ಮೇಲೆ ಸಾಲಾಗಿ ಕೂರಿಸ್ಬಿಟ್ಟ. ಒಬ್ಬನ ತಲೇಲಿ ಕೂದಲೇ ಇಲ್ಲ. ಆದ್ರೂ ಆ ಪುಣ್ಯಾತ್ಮ ಕತ್ತರಿ ಆಡಿಸ್ತಾನೇ ಇದ್ದ, ಆಡಿಸ್ತಾನೇ ಇದ್ದ!"

ದೊಡ್ಡಮ್ಮ ಹೊಟ್ಟೆ ಹಿಡಿದು ನಕ್ಕಳು. ಲೆಕ್ಕದಕ್ಕ ಹೊಸಿಲ ಮೇಲೆ ಕುಸಿದು ಕೂತಳು.

"ಅರ್ಜೀಲಿ ಏನು ಬರೆದಿದೀನಿ ಗೊತ್ತಾ ನಿಂಗೆ? ಕೆಲಸ ಇಲ್ಲ ಅಂತ. ತೊಟ್ಟಿ ಖಾಲಿ ಅಂತ. ಅದಕ್ಕೇ ನೆರವು ಕೊಡಿ ಅಂತ ಕೇಳಿರೋದು. ಅವನು ಬಂದಿದ್ದು ಖಾಲಿ ತೊಟ್ಟಿ ನೋಡೋಕೆ."

ದೊಡ್ಡಮ್ಮನ ನಗು ನಿಂತಿತು. ಕೈಯ ನೊರೆ ಹೊಸಿಲ ಮೇಲೆ ಬೀಳುತ್ತಿತ್ತು.

"ಖಾಲಿ ತೊಟ್ಟಿ ನೋಡೋಕೆ ಯಾರಾದ್ರೂ ಬರ್ತಾರೇನೇ?" ಅಂದಳು. ತಮಾಷೆಗಲ್ಲ. ನಿಜವಾಗಿಯೇ ಕೇಳಿದಳು.

ಆ ಬೀದಿಯಲ್ಲಿ ಹೊರಗಿನವರಿಗೆ ಖಾಲಿ ತೊಟ್ಟಿ ತೋರಿಸಿದವರಿಲ್ಲ. ಕೆಲಸ ಇಲ್ಲದ ದಿನ ಬರೀ ನೀರಿಗೆ ಸೋಪು ಕದಡಿ ಕೋಲಾಡಿಸುತ್ತಿದ್ದರು. ಖಾಲಿ ಕಂಡ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ. ಕೆಲಸ ಕೆಟ್ಟದ್ದಿರಬೇಕು, ಅದಕ್ಕೇ ಯಾರೂ ಬರುತ್ತಿಲ್ಲ ಅನ್ನುತ್ತಾನೆ. ಹಾಗಾಗಿ ಹೊಟ್ಟೆಗೆ ತಣ್ಣೀರು ಬಟ್ಟೆ ಕಟ್ಟಿಕೊಂಡಾದರೂ ತೊಟ್ಟಿ ತುಂಬಿಸಿಡುತ್ತಿದ್ದರು. ಲೆಕ್ಕದಕ್ಕನಿಗೆ ಒಂಬತ್ತು ವರ್ಷವಿದ್ದಾಗ ಅವಳ ಅಮ್ಮ ಒಗೆದ ಒಂದೇ ಬಟ್ಟೆಯನ್ನು ಅವಳ ಕೈಲಿ ಒಂದು ಬೆಳಿಗ್ಗೆಯಲ್ಲಿ ನಾಲ್ಕು ಸಲ ಒಗೆಸಿದ್ದಳು. ದಾರಿಯಲ್ಲಿ ಯಾರಾದರೂ ಕಂಡಾಗಲೆಲ್ಲ, "ಕುಕ್ಕು ಕುಕ್ಕು, ಜೋರಾಗಿ ಕುಕ್ಕು" ಅನ್ನುತ್ತಿದ್ದಳು.

ಇದು ಲೆಕ್ಕದಕ್ಕನಿಗೆ ಗೊತ್ತಿತ್ತು. ಗೊತ್ತಿದ್ದೂ ಹೇಳಲಿಲ್ಲ. ಒಂಬತ್ತು ಅರ್ಜಿ, ಒಂದೊಂದಕ್ಕೆ ಹದಿನಾಲ್ಕು ಹಾಳೆ, ಎಲ್ಲ ತುಂಬಿದಳು. ಯಾರಾದರೂ ನೋಡಲು ಬಂದರೆ ಇದ್ದದ್ದು ಇದ್ದಂತೆ ತೋರಿಸಿ ಅನ್ನುವ ಒಂದು ಮಾತು ಬಾಯಿಗೆ ಬರಲಿಲ್ಲ.

ಅವಳ ಕೈಯೂ ಆ ಒಗೆಯುವ ಸೋಡಾದ ನೀರಿನಲ್ಲೇ ಬೆಂದದ್ದು. ಹತ್ತೊಂಬತ್ತು ತುಂಬುವವರೆಗೆ ಅಮ್ಮ, ದೊಡ್ಡಮ್ಮನ ಜೊತೆ ಆಸ್ಪತ್ರೆಯ ಬಟ್ಟೆ ಒಗೆದಳು. ರಕ್ತದ ಹೊದಿಕೆಯನ್ನು ಮೊದಲು ತಣ್ಣೀರಿಗೇ ಹಾಕಬೇಕು. ಬಿಸಿನೀರು ತಾಗಿದರೆ ರಕ್ತ ಕಚ್ಚಿ ಕೂರುತ್ತದೆ. ಚಳಿಗಾಲದ ನಸುಕಿನಲ್ಲಿ ಆ ನೀರಿಗೆ ಕೈ ಇಟ್ಟರೆ ಮೊಣಕೈವರೆಗೆ ಮರಗಟ್ಟುತ್ತಿತ್ತು. ಆಮೇಲೆ ಕುದಿಯುವ ಸೋಡಾ. ಮರಗಟ್ಟಿದ ಕೈಗೆ ಸುಟ್ಟದ್ದು ಗೊತ್ತಾಗುತ್ತಿರಲಿಲ್ಲ, ಸಂಜೆ ಗೊತ್ತಾಗುತ್ತಿತ್ತು. ಬೆರಳ ಸಂದಿ ಬಿರಿಯುತ್ತಿತ್ತು. ಉಗುರು ಮೆತ್ತಗಾಗಿ ಕಳಚುತ್ತಿತ್ತು. ಮೈಗಂಟಿದ ವಾಸನೆಗೆ ಬಸ್ಸಿನಲ್ಲಿ ಅವಳ ಪಕ್ಕದ ಸೀಟು ಯಾವಾಗಲೂ ಖಾಲಿ.

ಆಮೇಲೆ ಲೆಕ್ಕ ಕಲಿತಳು. ಒಬ್ಬ ಸಗಟು ವ್ಯಾಪಾರಿಯ ಬಳಿ ಇಪ್ಪತ್ತೆರಡು ವರ್ಷ ಪುಸ್ತಕ ಬರೆದಳು. ಅವಳ ಮೇಜು ಹಿಂಬಾಗಿಲ ಪಕ್ಕ. ದಿನಕ್ಕೆ ಎರಡು ಸಲ ಸ್ನಾನ ಮಾಡಿ ಹೋಗುತ್ತಿದ್ದಳು. ಆದರೂ ಅವಳು ಬಂದಾಗ ಒಬ್ಬ ಗುಮಾಸ್ತ ಕಿಟಕಿ ತೆರೆಯುತ್ತಿದ್ದ. ಇಪ್ಪತ್ತೆರಡು ವರ್ಷವೂ ತೆರೆದ. ವ್ಯಾಪಾರ ಬಿದ್ದ ವರ್ಷ ಮೊದಲು ಮನೆಗೆ ಕಳಿಸಿದ್ದು ಅವಳನ್ನೇ. ಬೀದಿಗೆ ಮರಳಿ ಬಂದು, ಚಪ್ಪಲಿ ಹೊಲಿಯುವ ಮೊಳೆಯ ಅಂಗಡಿಯ ಮೂಲೆಯಲ್ಲಿ ಮೇಜು ಹಾಕಿಕೊಂಡಳು. ಮೊಳೆಗೆ ಆ ಹೆಸರು ಬಂದದ್ದು ಅವನ ಬಾಯಲ್ಲಿ ಸದಾ ನಾಲ್ಕು ಮೊಳೆ ಇರುತ್ತಿದ್ದುದರಿಂದ. ಅವನ್ನು ಕಚ್ಚಿಕೊಂಡೇ ಮಾತಾಡುತ್ತಿದ್ದ.

ಬೀದಿಯೂ ಬಿದ್ದಿತ್ತು. ಹೋಟೆಲುಗಳು ಕೋಣೆ ಮುಚ್ಚಿದ್ದವು. ಜನ ಹರಿದ ಚಪ್ಪಲಿಯನ್ನು ಹರಿದಂತೆಯೇ ಹಾಕಿಕೊಳ್ಳುತ್ತಿದ್ದರು. ಕೂದಲನ್ನು ಮನೆಯಲ್ಲೇ ಕತ್ತರಿಸಿಕೊಳ್ಳುತ್ತಿದ್ದರು. ಆಸ್ಪತ್ರೆ ತನ್ನ ಬಟ್ಟೆಯನ್ನು ಊರ ಹೊರಗಿನ ಯಂತ್ರದ ಕಾರ್ಖಾನೆಗೆ ಕೊಟ್ಟಿತು. "ನಿಮ್ಮದು ಕೈಕೆಲಸ, ಕೈಯಲ್ಲಿ ಕ್ರಿಮಿ ಇರುತ್ತೆ" ಅಂದರು. ಮೂವತ್ತೊಂದು ವರ್ಷ ದೊಡ್ಡಮ್ಮನ ಕೈ ಅವರ ರಕ್ತ, ಅವರ ಕೀವು, ಅವರ ಉಚ್ಚೆ ತೊಳೆದಿತ್ತು. ಈಗ ಅದೇ ಕೈ ಕ್ರಿಮಿಯಾಯಿತು.

ಸರ್ಕಾರ ಸಣ್ಣ ಅಂಗಡಿಗಳಿಗೆ ನೆರವು ಕೊಡುತ್ತದೆ ಅಂತ ಸುದ್ದಿ ಬಂದಾಗ ಬೀದಿಯವರಾರಿಗೂ ನಂಬಿಕೆ ಬರಲಿಲ್ಲ. ಲೆಕ್ಕದಕ್ಕ ನಂಬಿದಳು. ಯಾರ ಬಳಿಯೂ ಲೆಕ್ಕದ ಪುಸ್ತಕವಿರಲಿಲ್ಲ. ಅವಳು ಅಂಗಡಿಯಿಂದ ಅಂಗಡಿಗೆ ಹೋಗಿ ಸೋಡಾ ಚೀಲ ಎಣಿಸಿದಳು, ಬ್ಲೇಡಿನ ಪೊಟ್ಟಣ ಎಣಿಸಿದಳು, ದಾರದ ಖಾಲಿ ಉರುಳೆ ಎಣಿಸಿದಳು. ಓದಲು ಬಾರದ ದೊಡ್ಡಮ್ಮ ಆಸ್ಪತ್ರೆಯ ಚೀಟಿ ಒಂದನ್ನೂ ಎಸೆದಿರಲಿಲ್ಲ. ತಂತಿಗೆ ಪೋಣಿಸಿ ಇಟ್ಟಿದ್ದಳು. ದಿನಕ್ಕೆ ನಾನೂರು ಹೊದಿಕೆ. ಆಮೇಲೆ ನೂರಿಪ್ಪತ್ತು. ಆಮೇಲೆ ಚೀಟಿಯೇ ಇಲ್ಲ, ಬರೀ ತಂತಿ. ತಿಂಗಳ ಕೊನೆಗೆ ನೆರವು ಬರದಿದ್ದರೆ ನೀರಿನ ಕೊಳವೆ ಕತ್ತರಿಸುತ್ತೇವೆ ಅಂತ ನೀರಿನವರು ಹೇಳಿ ಹೋಗಿದ್ದರು. ನೀರು ಹೋದರೆ ಒಗೆಯುವ ಅಂಗಡಿ ಹೋಯಿತು. ಉಳಿದ ಎಂಟೂ ಅದರ ಹಿಂದೆಯೇ.

ಹನ್ನೆರಡನೆಯ ದಿನ ಕಾಗದ ಬಂತು. ಒಂಬತ್ತು ಅರ್ಜಿಯೂ ತಿರಸ್ಕೃತ. "ಸ್ಥಳ ತಪಾಸಣೆಯಲ್ಲಿ ವ್ಯವಹಾರ ಭರದಿಂದ ಸಾಗುತ್ತಿರುವುದು ಕಂಡುಬಂದಿದೆ. ಸುಳ್ಳು ಮಾಹಿತಿ ನೀಡಲಾಗಿದೆ." ಮುಂದಿನ ಸೋಮವಾರ ವಿಚಾರಣೆ. ಜೊತೆಗೆ ಕಚೇರಿಯೇ ಅಚ್ಚು ಮಾಡಿಸಿದ ಒಂಬತ್ತು ಹಾಳೆ: ಲೆಕ್ಕದವಳ ಪ್ರೇರಣೆಯಿಂದ ಸುಳ್ಳು ಅರ್ಜಿ ಸಲ್ಲಿಸಿದ್ದೇವೆ, ತಪ್ಪೊಪ್ಪಿ ಕ್ಷಮೆ ಕೋರುತ್ತೇವೆ, ಅರ್ಜಿ ಹಿಂಪಡೆಯುತ್ತೇವೆ. ಕೆಳಗೆ ಸಹಿಗೆ ಜಾಗ. ಸಹಿ ಬಾರದವರಿಗೆ ಹೆಬ್ಬೆಟ್ಟಿಗೆ ಒಂದು ಚೌಕ.

ಎಲ್ಲರೂ ಮೊಳೆಯ ಅಂಗಡಿಯಲ್ಲಿ ಸೇರಿದರು. ಕೂದಲು ಕತ್ತರಿಸುವ ಕತ್ರಿ ಮೊದಲು ಬಾಯಿ ಬಿಟ್ಟ.

"ಸಹಿ ಹಾಕಿ ಮುಗಿಸೋಣ. ಕೋರ್ಟು ಕೇಸು ಅಂದ್ರೆ ನನ್ನ ಕೈಲಾಗಲ್ಲಪ್ಪ. ಮಕ್ಕಳೊಂದಿಗ ನಾನು."

"ಮುಗಿಸಿ ಏನ್ ತಿಂತೀಯ? ಕೂದಲಾ?" ಅಂದ ಮೊಳೆ. ಬಾಯಿಂದ ನಾಲ್ಕು ಮೊಳೆಯನ್ನೂ ತೆಗೆದು ಮೇಜಿನ ಮೇಲಿಟ್ಟ. ಅವನು ಮೊಳೆ ತೆಗೆದನೆಂದರೆ ಮಾತು ದೊಡ್ಡದು. "ಅರ್ಜಿ ಸುಳ್ಳಲ್ಲ. ನಾವು ಸುಳ್ಳು ಹೇಳಿದ್ದು ಅಂಗಡೀಲಿ. ಅವನೇನು ಒಳಗೆ ಬಂದ್ನಾ? ಮೂಗಿಗೆ ಕರವಸ್ತ್ರ ಒತ್ಕೊಂಡು ಹೊಸಿಲಾಚೆಯಿಂದ ಇಣುಕಿ ಬರ್ಕೊಂಡ. ನನ್ನ ರಾಶೀಲಿ ಇದ್ದಿದ್ದು ಬರೀ ಎಡಗಾಲಿನವೇ ಜಾಸ್ತಿ. ಕೈಲಿ ಮುಟ್ಟಿ ನೋಡಿದ್ರೆ ಗೊತ್ತಾಗ್ತಿರ್ಲಿಲ್ವಾ?"

"ಹಾಗಂತ ಹೋಗಿ ಹೇಳೋಣ. ಕೆಲಸ ಇಲ್ಲ, ನಾಟಕ ಆಡಿದ್ವಿ ಅಂತ," ಅಂದಳು ಲೆಕ್ಕದಕ್ಕ.

ಎಲ್ಲರೂ ದೊಡ್ಡಮ್ಮನ ಮುಖ ನೋಡಿದರು.

"ನನ್ನ ಕೈಲಿ ಆಗಲ್ಲ," ಅಂದಳು ದೊಡ್ಡಮ್ಮ. "ಹಸಿದಿದೀನಿ ಅನ್ನು ಅಂದ್ರೆ ಅಂತೀನಿ. ಕೆಲಸ ಇಲ್ಲ ಅಂತ ಪರರ ಮುಂದೆ ಅನ್ನಲ್ಲ. ನಮ್ಮಮ್ಮ ಸಾಯೋವರೆಗೂ ಅನ್ನಲಿಲ್ಲ."

ಸೋಮವಾರ ಹತ್ತು ಜನ ನಡೆದೇ ಹೋದರು. ಕಚೇರಿಯ ಬಾಗಿಲಲ್ಲಿ ಕಾವಲುಗಾರ ಮೂಗು ಮುರಿದ.

"ಏನ್ರೀ ಇದು ವಾಸನೆ? ಇಲ್ಲಿ ನಿಲ್ಬೇಡಿ. ಹಿಂದಿನ ಮೆಟ್ಟಿಲ ಹತ್ರ ಹೋಗಿ. ಕರೀತಾರೆ."

ಹಿಂದಿನ ಮೆಟ್ಟಿಲ ಪಕ್ಕ ಶೌಚಾಲಯ. ಅಲ್ಲಿ ನಿಂತರು. ಒಂದು ಗಂಟೆ. ಎರಡು ಗಂಟೆ. ಮುಂದಿನ ಸಾಲಿನ ಬೇರೆ ಬೀದಿಯವರು ಒಬ್ಬೊಬ್ಬರಾಗಿ ಒಳಗೆ ಹೋಗಿ ಬಂದರು. ದೊಡ್ಡಮ್ಮನ ಕಾಲು ಊದಿತು. ಕೂರಲು ಏನೂ ಇರಲಿಲ್ಲ. ಅವಳು ಗೋಡೆಗೂ ಒರಗಲಿಲ್ಲ. ಒರಗಿದರೆ ಗೋಡೆ ಕೊಳೆಯಾಯಿತು ಅಂತಾರೆ ಅಂದಳು.

ಎರಡು ಗಂಟೆಯಾದ ಮೇಲೆ ತಪಾಸಣೆಯವನು ಬಂದ. ಬೀದಿಯವರು ಅವನಿಗೆ ಕರವಸ್ತ್ರ ಅಂತಲೇ ಹೆಸರಿಟ್ಟಿದ್ದರು. ಅವನು ಲೆಕ್ಕದಕ್ಕನನ್ನು ಮಾತ್ರ ಪಕ್ಕಕ್ಕೆ ಕರೆದ. ಕೈಯಲ್ಲಿ ಹತ್ತನೆಯ ಹಾಳೆ.

"ನೋಡಿ, ನೀವು ಓದಿದೋರು. ಇವರನ್ನೆಲ್ಲ ಯಾಕೆ ಎಳೀತೀರಾ? ನೀವೊಬ್ರು ಇದಕ್ಕೆ ಸಹಿ ಹಾಕಿ. ಅಂಕಿ ಎಲ್ಲ ನಾನೇ ಹುಟ್ಟಿಸಿದೆ, ಅವರಿಗೇನೂ ಗೊತ್ತಿಲ್ಲ ಅಂತ. ಅವರ ಮೇಲೆ ಕೇಸು ಬರಲ್ಲ. ಮಾತು ಕೊಡ್ತೀನಿ."

"ನೆರವು?"

"ನೆರವು ಎಲ್ಲಿಂದ ಬರುತ್ತೆ ಈಗ? ಅವರಿಗೆ ಜೈಲು ತಪ್ಪುತ್ತಲ್ಲ, ಅದನ್ನ ನೋಡಿ."

ಲೆಕ್ಕದಕ್ಕ ಹಿಂತಿರುಗಿ ನೋಡಿದಳು. ಕತ್ರಿ ತನ್ನ ಕ್ಷಮೆಯ ಹಾಳೆಯನ್ನು ಮಡಚುತ್ತಿದ್ದ, ಬಿಡಿಸುತ್ತಿದ್ದ. ತಪ್ಪು ನನ್ನದೂ ಹೌದು, ಹೇಳಬೇಕಾದ ಮಾತು ಹೇಳಲಿಲ್ಲ, ಅಂದುಕೊಂಡಳು. ಪೆನ್ನು ತೆಗೆದುಕೊಂಡಳು.

"ಏನೇ ಅದು?" ದೊಡ್ಡಮ್ಮ ಕೇಳಿದಳು.

"ಏನಿಲ್ಲ ದೊಡ್ಡಮ್ಮ."

"ಏನಿಲ್ಲ ಅಂದ್ರೆ ಪೆನ್ನು ಯಾಕೆ ಹಿಡಿದಿದೀಯ? ಓದು. ಜೋರಾಗಿ ಓದು. ನಂಗೆ ಕಿವಿ ಇದೆ."

ಲೆಕ್ಕದಕ್ಕ ಓದಿದಳು. "ಈ ಎಲ್ಲಾ ಅಂಕಿಗಳನ್ನು ನಾನೇ ಕಲ್ಪಿಸಿ ಬರೆದಿರುತ್ತೇನೆ..."

ದೊಡ್ಡಮ್ಮ ಬಂದಳು. ಹಾಳೆ ಕಿತ್ತುಕೊಂಡಳು. ಒದ್ದೆ ಹೊದಿಕೆ ಹಿಂಡುವಂತೆ ಎರಡು ಕೈಯಲ್ಲೂ ಹಿಡಿದು ಹಿಂಡಿದಳು. ನೆಲಕ್ಕೆ ಬಿಟ್ಟಳು. ಹಿಂದಿನ ಮೆಟ್ಟಿಲು ಬಿಟ್ಟು, ಶೌಚಾಲಯ ದಾಟಿ, ನೇರ ಮುಂದಿನ ಹಜಾರಕ್ಕೆ ನಡೆದಳು. ಕಾವಲುಗಾರ ಕೈ ಅಡ್ಡ ಹಿಡಿದ. ಅವಳು ಆ ಕೈಯನ್ನು ಬಾಗಿಲ ಪರದೆ ಸರಿಸಿದಂತೆ ಸರಿಸಿದಳು. ನಾನೂರು ಹೊದಿಕೆ ಹಿಂಡಿದ ಕೈ ಅದು.

"ನನ್ನ ತೊಟ್ಟಿ ಖಾಲಿ!" ಅಂದಳು.

ಹಜಾರದಲ್ಲಿ ನಲವತ್ತು ಜನರಿದ್ದರು. ಎಲ್ಲರೂ ತಿರುಗಿದರು.

"ಕೇಳಿಸ್ತಾ? ಖಾಲಿ. ಏಳು ತಿಂಗಳಿಂದ ಕೆಲಸ ಇಲ್ಲ. ಇವನು ಬಂದಾಗ ನಮ್ಮ ಹಾಸಿಗೆ ಹೊದಿಕೆ ಹಾಕಿ ತುಂಬಿಸಿದ್ವಿ. ನಾಚಿಕೆಯಾಗಿತ್ತು, ತುಂಬಿಸಿದ್ವಿ. ಬರ್ಕೊಳ್ಳಿ. ಆದ್ರೆ ಈ ಹುಡುಗಿ ಬರೆದಿದ್ದು ಒಂದಕ್ಷರ ಸುಳ್ಳಲ್ಲ."

ಆ ಹುಡುಗಿಗೆ ನಲವತ್ತೇಳು ವರ್ಷ. ಅವಳು ದೊಡ್ಡಮ್ಮನ ಹಿಂದೆ ಬಂದು ನಿಂತಿದ್ದಳು. ಅವಳ ಹಿಂದೆ ಮೊಳೆ. ಮೊಳೆಯ ಹಿಂದೆ ಉಳಿದವರು. ಕೊನೆಗೆ ಕತ್ರಿಯೂ ಬಂದ.

ಗದ್ದಲಕ್ಕೆ ಒಳಗಿನ ಕೋಣೆಯ ಬಾಗಿಲು ತೆರೆಯಿತು. ಹಿರಿಯ ಅಧಿಕಾರಿ ಹೊರಗೆ ಬಂದಳು. ಕನ್ನಡಕ ಹಣೆಯ ಮೇಲೇರಿತ್ತು.

"ಏನಮ್ಮ, ತಪಾಸಣೆಗೆ ಬಂದೋರಿಗೆ ಮೋಸ ಮಾಡಿದೀನಿ ಅಂತ ಒಪ್ಕೊಳ್ತಿದೀರಾ?"

"ಒಪ್ತೀನಿ. ಒಳಗೆ ಕಾಲಿಡದೆ ಬರೆದೆ ಅಂತ ಇವನು ಒಪ್ತಾನಾ ಕೇಳಿ."

ಅಧಿಕಾರಿ ಅವನ ಕಡೆ ತಿರುಗಿದಳು. "ಒಳಗೆ ಹೋಗಿದ್ರಾ?"

"ಹೊರಗಿಂದಲೇ ಚೆನ್ನಾಗಿ ಕಾಣ್ತಿತ್ತು ಮೇಡಂ. ಮತ್ತೆ... ಅಲ್ಲಿ ಆ ವಾಸನೆ..."

ಹಜಾರದಲ್ಲಿ ಯಾರೋ ಕಿಸಕ್ಕೆಂದರು. ಅಧಿಕಾರಿಯ ಮುಖ ಗಂಟಿಕ್ಕಿತು.

"ಸರಿ. ಮುಂದಿನ ತಿಂಗಳು ಮರುತಪಾಸಣೆಗೆ ಒಂದು ದಿನ ಕೊಡೋಣ."

"ಮುಂದಿನ ತಿಂಗಳು ನೀರಿರಲ್ಲ," ಅಂದಳು ಲೆಕ್ಕದಕ್ಕ. "ಇವತ್ತೇ ಆಗಬೇಕು."

"ಇವತ್ತು ಗಾಡಿ ಇಲ್ಲ."

"ನಾವು ನಡ್ಕೊಂಡೇ ಬಂದಿದ್ದು. ಅವರಿಗೂ ಕಾಲಿದೆ."

"ಹೀಗೆಲ್ಲ ಹಟ ಮಾಡಿದ್ರೆ ಪೊಲೀಸರನ್ನ ಕರೀಬೇಕಾಗುತ್ತೆ."

"ಕರೀರಿ. ಅವರೂ ಬಂದು ನೋಡ್ಲಿ. ಖಾಲಿ ನೋಡೋಕೆ ಎಷ್ಟು ಜನ ಬೇಕಾದ್ರೂ ಬರಬಹುದು."

ದೊಡ್ಡಮ್ಮ ಅಧಿಕಾರಿಯ ಬಾಗಿಲಿಗೆ ಅಡ್ಡಲಾಗಿ ನೆಲದ ಮೇಲೆ ಕೂತಳು. ಕಾಲು ಚಾಚಿದಳು. ಬೆನ್ನನ್ನು ಬಿಳಿ ಗೋಡೆಗೆ ಒರಗಿಸಿದಳು. ಉಳಿದವರೂ ಕೂತರು. ಅಧಿಕಾರಿಗೆ ಒಳಗೆ ಹೋಗಲು ದಾರಿಯಿಲ್ಲ, ಹೊರಗೆ ಹೋಗಲೂ ದಾರಿಯಿಲ್ಲ. ಸಾಲಿನಲ್ಲಿದ್ದ ಯಾರೋ ಹೆಂಗಸು, ಯಾವ ಬೀದಿಯವಳೋ, ದೊಡ್ಡಮ್ಮನಿಗೆ ಕುಡಿಯಲು ನೀರು ತಂದುಕೊಟ್ಟು ತಾನೂ ಪಕ್ಕದಲ್ಲಿ ಕೂತಳು. ಗಡಿಯಾರ ನಲವತ್ತು ನಿಮಿಷ ನಡೆಯಿತು.

ಕೊನೆಗೆ ಅಧಿಕಾರಿ ಹಜಾರದ ಮೇಜಿನ ಮೇಲಿಂದ ಕಡತವನ್ನೇ ತೆಗೆದು ತಪಾಸಣೆಯವನ ಕೈಗೆ ಹಾಕಿದಳು. "ಹೋಗಿ. ಒಳಗೆ ಹೋಗಿ ನೋಡಿ. ಇದರಲ್ಲೇ ಬರೆದು ಸಂಜೆಯೊಳಗೆ ನನ್ನ ಮೇಜಿಗೆ ತನ್ನಿ."

ಅವನನ್ನು ನಡುವೆ ಹಾಕಿಕೊಂಡು ಹೊರಟರು. ಬಿಸಿಲಿತ್ತು. ದೊಡ್ಡಮ್ಮ ಮುಂದೆ. ಪೇಟೆಯ ಮಧ್ಯಕ್ಕೆ ಬಂದಾಗ ಅವಳು ಒಮ್ಮೆ ನಿಂತು ಗಂಟಲು ಸರಿಮಾಡಿಕೊಂಡಳು. ಬೆಳಿಗ್ಗೆ ಬೀದಿಯಲ್ಲಿ ತಳ್ಳುಗಾಡಿಯವರು ಕೂಗುತ್ತಾರಲ್ಲ, ಆ ರಾಗದಲ್ಲಿ ಕೂಗಿದಳು.

"ಕೆಲಸ ಇಲ್ಲಾ... ತೊಟ್ಟಿ ಖಾಲೀ... ನೋಡೋರು ಬರ್ರೀ..."

ಕತ್ರಿಗೆ ನಾಚಿಕೆಯಾಯಿತು. ತಲೆ ತಗ್ಗಿಸಿದ. ಎರಡನೆಯ ಕೂಗಿಗೆ ಮೊಳೆ ದನಿಗೂಡಿಸಿದ. ನಾಲ್ಕನೆಯದಕ್ಕೆ ಕತ್ರಿಯೂ ಬಾಯಿ ತೆರೆದ. ಒಮ್ಮೆ ತೆರೆದ ಮೇಲೆ ಅವನಷ್ಟು ಜೋರಾಗಿ ಕೂಗಿದವರಿಲ್ಲ. ಅಂಗಡಿಗಳ ಬಾಗಿಲಿಗೆ ಜನ ಬಂದು ನೋಡಿದರು. ಕರವಸ್ತ್ರ ತನ್ನ ಹೊಳೆಯುವ ಬೂಟು ನೋಡಿಕೊಂಡು ನಡೆದ.

ಒಗೆಯುವ ಅಂಗಡಿಯ ಬಾಗಿಲಲ್ಲಿ ಅವನ ಕೈ ಜೇಬಿಗೆ ಹೋಯಿತು.

"ಮೂಗು ಮುಚ್ಕೊಳ್ಳಿ, ಪರವಾಗಿಲ್ಲ," ಅಂದಳು ದೊಡ್ಡಮ್ಮ. "ಕಣ್ಣು ಮುಚ್ಬೇಡಿ. ಒಳಗೆ ಬನ್ನಿ."

ಬಂದ. ತೊಟ್ಟಿಗೆ ಬಗ್ಗಿ ನೋಡಿದ. ತಳದಲ್ಲಿ ಸುಣ್ಣ ಕಟ್ಟಿತ್ತು. ಒಂದು ಜೇಡ ಆಚೆಯಿಂದ ಈಚೆಗೆ ನೂಲೆಳೆದಿತ್ತು. ಒಲೆಯ ಬೂದಿ ತಣ್ಣಗಿತ್ತು. ಹಿಂದಿನ ಕೋಣೆಯ ಹಾಸಿಗೆಯ ಮೇಲೆ ಅಂದಿನ ಹೊದಿಕೆ. ದೊಡ್ಡಮ್ಮ ಅದನ್ನೆತ್ತಿ ಬೆಳಕಿಗೆ ಹಿಡಿದಳು. ಆರು ತೇಪೆ.

"ಆಸ್ಪತ್ರೆಯೋರು ತೇಪೆ ಹಾಕಿದ್ದು ಹೊದೀತಾರಾ ಸಾಹೇಬ್ರೇ? ಅವತ್ತು ಇದನ್ನೇ ನೀವು ಹೊರಗಿಂದ ಎಣಿಸಿದ್ದು."

ಅವನು ಕಡತವನ್ನು ತೊಟ್ಟಿಯ ಅಂಚಿನ ಮೇಲಿಟ್ಟು ತನ್ನ ವರದಿಯ ಪುಟ ತೆಗೆದ. ಜೇಬಿನಿಂದ ಪುಟ್ಟ ವೈಟ್ನರ್ ಬಾಟಲಿ ತೆಗೆದು ಮುಚ್ಚಳ ತಿರುಗಿಸಿದ.

ಲೆಕ್ಕದಕ್ಕ ಆ ಪುಟದ ಮೇಲೆ ಅಂಗೈ ಇಟ್ಟಳು.

"ಬಿಳಿ ಹಚ್ಚಬೇಡಿ."

"ತಿದ್ತಾ ಇದೀನಲ್ರೀ. ನಿಮಗೇ ಒಳ್ಳೇದು."

"ನಮ್ಮ ಲೆಕ್ಕದ ಕೆಲಸದಲ್ಲಿ ತಪ್ಪನ್ನ ಅಳಿಸಲ್ಲ. ಅದರ ಮೇಲೆ ಒಂದು ಗೆರೆ ಎಳೀತೀವಿ, ಒಂದೇ ಗೆರೆ. ಅಡಿಯಲ್ಲಿರೋದು ಓದೋಕೆ ಬರಬೇಕು. ಅದರ ಕೆಳಗೆ ಸರಿಯಾದ್ದು ಬರೆದು, ಬರೆದೋರು ಸಹಿ ಹಾಕಬೇಕು. ಬರೀರಿ. ಮೊದಲು ನಮ್ಮ ತಪ್ಪು ಬರೀರಿ. ನಾಚಿಕೆಯಿಂದ ಅಂಗಡಿ ತುಂಬಿಸಿ ತೋರಿಸಿದರು. ಆಮೇಲೆ ನಿಮ್ಮದು. ಒಳಗೆ ಹೋಗದೆ ಬರೆದೆ."

"ನಾನು ಹಾಗೆ ಬರೆದ್ರೆ ನನ್ನ ಕೆಲಸ ಹೋಗುತ್ತೆ."

"ಹೋದ್ರೆ ಬನ್ನಿ," ಅಂದಳು ಲೆಕ್ಕದಕ್ಕ. "ನಿಮ್ಮ ಅರ್ಜೀನೂ ನಾನೇ ಬರ್ಕೊಡ್ತೀನಿ. ನಿಜಾನೇ ಬರೀತೀನಿ."

ಬಾಗಿಲ ತುಂಬ ಬೀದಿಯವರು ನಿಂತಿದ್ದರು. ಅವನು ಅವರ ಕಡೆ ನೋಡಿದ. ಹೊರಗೆ ಹೋಗಲು ಅದೊಂದೇ ದಾರಿ. ಯಾರೂ ಅವನನ್ನು ಮುಟ್ಟಲಿಲ್ಲ. ಯಾರೂ ಸರಿಯಲೂ ಇಲ್ಲ. ಅವನ ಪೆನ್ನು "ಭರದಿಂದ ಸಾಗುತ್ತಿರುವುದು" ಅನ್ನುವುದರ ಮೇಲೆ ಗೆರೆ ಎಳೆಯಿತು. ಬರೆದ. ಅವಳು ಒಂದೊಂದೇ ಸಾಲನ್ನು ಬೀದಿಗೆ ಕೇಳುವಂತೆ ಗಟ್ಟಿಯಾಗಿ ಓದಿದಳು. ಅವನು ಸಹಿ ಹಾಕಿದ.

"ತಾರೀಖು," ಅಂದಳು ಅವಳು.

ತಾರೀಖೂ ಬರೆದ. ಕಡತ ಮುಚ್ಚಲು ಹೋದ. ದೊಡ್ಡಮ್ಮ ಹೊದಿಕೆಯನ್ನು ಮಡಚಿ ಹೆಗಲ ಮೇಲೆ ಹಾಕಿಕೊಂಡು ಬಾಗಿಲ ಕಡೆ ನಡೆದಳು.

"ಮುಚ್ಬೇಡಿ ಸಾಹೇಬ್ರೇ, ನಡೀರಿ," ಅಂದಳು. "ಇನ್ನೂ ಎಂಟು ಅಂಗಡಿ ಇದೆ."